ಒಣಗಿಸಿದ್ದು, ನಲವತ್ತೆಂಟು ಗಂಟೆ

ನಾರಾವಿಯಲ್ಲಿ ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತ ಮೇಲೆ ವಿಮಲಕುಮಾರನಿಗೆ ತನ್ನ ಬಲಗೈಯನ್ನು ಮೂಸಿ ನೋಡಬೇಕೆನಿಸಿತು. ಪಕ್ಕದವನಿಗೆ ಕಾಣದ ಹಾಗೆ, ಕನ್ನಡಕ ಸರಿಮಾಡುವ ನೆಪದಲ್ಲಿ, ಬೆರಳುಗಳನ್ನು ಮೂಗಿನ ಹತ್ತಿರ ತಂದ. ಸಾಬೂನು. ಸಾಬೂನಿನ ಅಡಿಯಲ್ಲಿ ಇನ್ನೊಂದು ವಾಸನೆ ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ಆ ರಾಸಾಯನಿಕವನ್ನು ಮುಟ್ಟದೆ ಎಂಟು ತಿಂಗಳಾಗಿತ್ತು, ವಾಸನೆ ಉಳಿದಿರಲು ಸಾಧ್ಯವೇ ಇರಲಿಲ್ಲ, ಆದರೂ ದಿನಾ ಬೆಳಿಗ್ಗೆ ಈ ಬಸ್ಸಿನಲ್ಲಿ ಒಮ್ಮೆ ಮೂಸಿ ನೋಡುತ್ತಿದ್ದ. ಹನ್ನೊಂದು ವರ್ಷದ ಹಿಂದೆ ಒಂದು ಸಂಜೆ ಅವನ ಹೆಂಡತಿ ಯಶೋಧಾ ಒಗೆಯಲೆಂದು ಅವನ ಅಂಗಿಯನ್ನು ಎತ್ತಿಕೊಂಡವಳು ಅದನ್ನು ತೋಳುದ್ದ ದೂರ ಹಿಡಿದು, "ಇದೆಂತ, ಮೀನಿನ ಹಾಗೆ?" ಎಂದಿದ್ದಳು. ಅದು ಮೀಥೈಲ್ ಇಮಿಡಜೋಲ್, ನಾನು ಮಾಡುವ ದ್ರವಕ್ಕೆ ಬೇಕಾದ ಮೂಲವಸ್ತು, ಅದರ ವಾಸನೆಯೇ ಹಾಗೆ ಎಂದು ಅವನು ಪಾಠದ ಧ್ವನಿಯಲ್ಲಿ ವಿವರಿಸುತ್ತಿರುವಾಗಲೇ ಒಳಗಿನಿಂದ ತಾಯಿ ಬಂದು ಅಂಗಿಯನ್ನು ಕೋಲಿನ ತುದಿಯಲ್ಲಿ ಎತ್ತಿ ಹಿತ್ತಿಲಿನ ಒಗೆಯುವ ಕಲ್ಲಿನ ಮೇಲೆ ಹಾಕಿದ್ದಳು. ಮರುದಿನ ಆ ಕೋಲೂ ಮನೆಯಲ್ಲಿ ಕಾಣಲಿಲ್ಲ. ತಾಯಿ ತೀರಿಹೋಗಿ ಆರು ವರ್ಷವಾಯಿತು. ಕೋಲನ್ನು ಎಲ್ಲಿ ಎಸೆದಳೆಂದು ಅವನು ಕೇಳಿರಲಿಲ್ಲ.

ಇವತ್ತು ಹನ್ನೊಂದು ಗಂಟೆಗೆ ಸಭೆ. ಅವನ ವಿದ್ಯಾರ್ಥಿನಿ ನುಸ್ರತ್ ನಾಲ್ಕು ವರ್ಷ ಕೆಲಸ ಮಾಡಿ ಬರೆದ ಪಿಎಚ್‌ಡಿ ಪ್ರಬಂಧ ಮೈಸೂರಿನ ಪರೀಕ್ಷಕರಿಂದ ಒಂದೇ ಒಂದು ಪ್ರಶ್ನೆಯೊಂದಿಗೆ ಹಿಂದೆ ಬಂದಿತ್ತು. ಅವಳು ಅಳೆದ ಸಾಂದ್ರತೆಯೂ ಅವಳ ಮಾರ್ಗದರ್ಶಕರಾದ ವಿಮಲಕುಮಾರರು ಹನ್ನೊಂದು ವರ್ಷದ ಹಿಂದೆ ಪ್ರಕಟಿಸಿದ ಸಾಂದ್ರತೆಯೂ ಒಂದೇ ದ್ರವದ್ದು, ಒಂದೇ ಉಷ್ಣತೆಯಲ್ಲಿ ಅಳೆದದ್ದು. ಆದರೆ ಒಂದಕ್ಕೊಂದು ಹೊಂದುವುದಿಲ್ಲ. ಇಬ್ಬರಲ್ಲಿ ಒಬ್ಬರ ಅಳತೆ ತಪ್ಪು. ಯಾರದ್ದೆಂದು ಸಭೆಯಲ್ಲಿ ತೀರ್ಮಾನವಾಗಬೇಕು. ಅವಳದ್ದೆಂದಾದರೆ ಮೂರು ಅಧ್ಯಾಯಗಳ ಅಳತೆಯನ್ನು ಮತ್ತೆ ಮಾಡಬೇಕು, ಅಂದರೆ ಇನ್ನೊಂದು ವರ್ಷ. ಬಂಟ್ವಾಳದ ಕಾಲೇಜೊಂದರಲ್ಲಿ ಮುಂದಿನ ತಿಂಗಳು ಅವಳಿಗೆ ಸಿಗಬೇಕಾದ ಉಪನ್ಯಾಸಕಿಯ ಕೆಲಸ ಪದವಿಗಾಗಿ ಕಾಯುವುದಿಲ್ಲ. ಅವನದ್ದೆಂದಾದರೆ ಏನಾಗುತ್ತದೆ ಎಂದು ವಿಮಲಕುಮಾರ ಲೆಕ್ಕ ಹಾಕಲು ಹೋಗಿರಲಿಲ್ಲ. ಬೇರೆ ಊರಿನವರು, ಬೇರೆ ದೇಶದವರು ಎತ್ತಿ ಉಲ್ಲೇಖಿಸಿದ ಅವನ ಪ್ರಬಂಧ ಅದೊಂದೇ. ಯಾರ ಅಳತೆ ತಪ್ಪೆಂದು ಅವನಿಗೆ ಗೊತ್ತಿತ್ತು. ಪ್ರಶ್ನೆ ಬಂದ ದಿನವೇ ಗೊತ್ತಾಗಿತ್ತು. ನಿಜ ಹೇಳಬೇಕೆಂದರೆ ಹನ್ನೊಂದು ವರ್ಷದ ಹಿಂದೆಯೇ.

ಶಿರ್ತಾಡಿಯಲ್ಲಿ ಬಸ್ಸು ನಿಂತಾಗ ಚೀಲದಿಂದ ಸ್ಟೀಲಿನ ಬಾಟಲಿ ತೆಗೆದು ಒಂದು ಗುಟುಕು ಕುಡಿದ. ಬೆಳಿಗ್ಗೆ ಯಶೋಧಾ ಬಾವಿಯ ನೀರನ್ನು ಎರಡು ಮಡಿಕೆಯ ಬಿಳಿ ಬಟ್ಟೆಯಲ್ಲಿ ಸೋಸಿ, ಕಾಯಿಸಿ, ಆರಿಸಿ ತುಂಬಿದ್ದು. ಬಟ್ಟೆಯಲ್ಲಿ ಉಳಿದದ್ದನ್ನು ಹಾಗೆಯೇ ಚೆಲ್ಲುವಂತಿಲ್ಲ, ನಿಧಾನವಾಗಿ ಮತ್ತೆ ಬಾವಿಗೆ ಇಳಿಸಬೇಕು, ಅದರಲ್ಲಿ ಕಣ್ಣಿಗೆ ಕಾಣದ ಜೀವಗಳಿವೆ. ಬರಿದೇ ಸೋಸಿದ ನೀರು ಎರಡು ಗಳಿಗೆಗೆ ಮಾತ್ರ, ನಲವತ್ತೆಂಟು ನಿಮಿಷ, ಆಮೇಲೆ ಮತ್ತೆ ಸೋಸಬೇಕು ಎಂದು ತಾಯಿ ಹೇಳುತ್ತಿದ್ದಳು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಸ್ಟಾಫ್ ರೂಮಿನ ಮೇಜಿನ ಮೇಲಿನ ಹೂಜಿಯಿಂದ ಅವನು ಒಂದು ಲೋಟ ನೀರು ಕುಡಿದವನಲ್ಲ. ಯಾರೂ ಅದನ್ನು ತಪ್ಪು ತಿಳಿದಿರಲಿಲ್ಲ. ಕಳೆದ ವರ್ಷದ ಶಿಕ್ಷಕರ ದಿನಾಚರಣೆಯಲ್ಲಿ ವಿಭಾಗದ ಮುಖ್ಯಸ್ಥ ಸುಧಾಕರ ಮೈಕಿನ ಮುಂದೆ, "ನಮ್ಮ ವಿಮಲಕುಮಾರ್ ಸರ್ ಎಲ್ಲರೊಟ್ಟಿಗೂ ನೀರಿನ ಹಾಗೆ ಬೆರೀತಾರೆ" ಎಂದಾಗ ಎಲ್ಲರೂ ಚಪ್ಪಾಳೆ ತಟ್ಟಿದ್ದರು, ಅವನೂ ನಕ್ಕಿದ್ದ, ಕಾಲ ಬಳಿ ಈ ಬಾಟಲಿ ಇತ್ತು. ನೀರು ಹೇಗೆ ಬೆರೆಯುತ್ತದೆ ಎಂಬುದು ಅವನ ಜೀವಮಾನದ ವಿಷಯ. ಅಯಾನಿಕ ದ್ರವ ಎಂದರೆ ಒಂದು ಬಗೆಯ ಉಪ್ಪು, ಆದರೆ ಹರಳುಗಟ್ಟದೆ ಕೋಣೆಯ ಉಷ್ಣತೆಯಲ್ಲೇ ಎಣ್ಣೆಯ ಹಾಗೆ ಹರಿಯುವ ಉಪ್ಪು ಎಂದು ಪ್ರತಿ ವರ್ಷ ಎಂಎಸ್ಸಿ ತರಗತಿಯಲ್ಲಿ ಹೇಳುತ್ತಾನೆ. ಅದಕ್ಕೆ ನೀರು ಹಾಕಿ ಅಲುಗಾಡಿಸಿ, ಎತ್ತಿ ಹಿಡಿದು ತೋರಿಸುತ್ತಾನೆ: ತಿಳಿಯಾಗಿದೆ, ಗೆರೆಯಿಲ್ಲ, ಪದರವಿಲ್ಲ, ಎರಡೂ ಒಂದಾದವು ಎನಿಸುತ್ತದೆ. ಆದರೆ ಅಣುಗಳ ಮಟ್ಟಕ್ಕೆ ಇಳಿದು ನೋಡಿದರೆ ಒಂದಾಗಿರುವುದಿಲ್ಲ. ಮೊದಲು ಹೋದ ನೀರಿನ ಅಣುಗಳು ಒಂದೊಂದೇ, ತಮ್ಮವರಿಂದ ದೂರ, ಋಣ ಅಯಾನುಗಳ ನಡುವೆ ಸಿಕ್ಕಿಬಿದ್ದಿರುತ್ತವೆ. ಇನ್ನಷ್ಟು ಬಂದರೆ ಎರಡು ಮೂರಾಗಿ ಕೈ ಹಿಡಿದು ಸಾಲಾಗುತ್ತವೆ, ಮತ್ತೂ ಬಂದರೆ ತಮ್ಮದೇ ಸಣ್ಣ ಸಣ್ಣ ಹೊಂಡ ಮಾಡಿಕೊಳ್ಳುತ್ತವೆ. ಧನ ಅಯಾನುಗಳ ಎಣ್ಣೆಬಾಲಗಳು ನೀರಿಗೆ ಬೆನ್ನು ಹಾಕಿ ಇನ್ನೊಂದು ಮೂಲೆಯಲ್ಲಿ ಗುಂಪು ಸೇರುತ್ತವೆ. ಹೊರಗಿನಿಂದ ನೋಡುವವನಿಗೆ ಲೋಟದಲ್ಲಿ ಒಂದೇ ದ್ರವ. ಹುಡುಗರು ತಲೆ ಎತ್ತದೆ ಬರೆದುಕೊಳ್ಳುತ್ತಾರೆ.

ಬಸ್ಸಿನ ಮುಂದಿನ ಸೀಟಿನ ಬೆನ್ನಿಗೆ ಯಾರೋ ಅಂಟಿಸಿದ ಚೂಯಿಂಗ್ ಗಮ್ ಒಣಗಿ ಕಪ್ಪಾಗಿತ್ತು, ಅದರಲ್ಲಿ ಹಲ್ಲಿನ ಗುರುತು ಹಾಗೆಯೇ ಇತ್ತು. ನೋಡಬಾರದೆಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಈ ಅಯಾನಿಕ ದ್ರವದ ದೊಡ್ಡ ದೋಷವೆಂದರೆ ಅದು ಗಾಳಿಯಿಂದಲೇ ನೀರು ಕುಡಿಯುತ್ತದೆ. ಆದ್ದರಿಂದ ಅಳೆಯುವ ಮೊದಲು ವ್ಯಾಕ್ಯೂಮ್ ಓವನ್ನಿನಲ್ಲಿ, ಗಾಳಿ ತೆಗೆದು, ಎಪ್ಪತ್ತು ಡಿಗ್ರಿಯಲ್ಲಿ ನಲವತ್ತೆಂಟು ಗಂಟೆ ಒಣಗಿಸಬೇಕು. ಎರಡು ಹಗಲು ಎರಡು ರಾತ್ರಿ, ಎಡೆಬಿಡದೆ. ಹನ್ನೊಂದು ವರ್ಷದ ಹಿಂದೆ ಅವನು ಆ ಕೆಲಸ ಮಾಡಿದ್ದು ಆಷಾಢದಲ್ಲಿ. ಕಾಲೇಜಿನಲ್ಲಿ ಆಗ ನಿಯಮವಿತ್ತು, ಉಸ್ತುವಾರಿಗೆ ಜನವಿಲ್ಲದೆ ಓವನ್ ಉರಿಸಿಟ್ಟು ಹೋಗುವಂತಿಲ್ಲ. ಮನೆಯಲ್ಲಿ ಜೈನರ ಚಾತುರ್ಮಾಸ, ಮಳೆಗಾಲದ ನಾಲ್ಕು ತಿಂಗಳ ವ್ರತ. ತಾಯಿ ಸೂರ್ಯಾಸ್ತಕ್ಕೆ ಎರಡು ಗಳಿಗೆ ಮೊದಲೇ ಊಟ ಮುಗಿಸಬೇಕು, ಮಗ ಬಾರದೆ ಎಲೆ ಮುಂದೆ ಕೂರುವವಳಲ್ಲ. ಮೋಡ ಕವಿದು ಸೂರ್ಯ ಕಾಣದ ದಿನಗಳಲ್ಲಂತೂ ಮುಳುಗಿದ್ದು ಯಾರಿಗೆ ಗೊತ್ತಾಗುತ್ತದೆ ಎಂದು ಆ ಹೊತ್ತನ್ನು ಇನ್ನೂ ಹಿಂದಕ್ಕೆ ತಳ್ಳುವಳು. ಐದೂಮುಕ್ಕಾಲಿಗೆ ಎಲೆ. ಹಾಗಾಗಿ ನಾಲ್ಕೂವರೆಯ ಬಸ್ಸು. ಹಾಗಾಗಿ ನಾಲ್ಕೂಕಾಲಿಗೆ ಓವನ್ ಆಫ್. ಒಂದು ದಿನ ತಡವಾದಾಗ ತಾಯಿ ಬೈಯಲಿಲ್ಲ, ಬಡಿಸಿದ್ದ ಅನ್ನವನ್ನು ಹಾಗೆಯೇ ಮುಚ್ಚಿಟ್ಟು ನೀರೂ ಕುಡಿಯದೆ ಮಲಗಿದಳು. ಮರುದಿನದಿಂದ ಅವನು ಓವನ್ನನ್ನು ದಿನಕ್ಕೆ ಏಳೆಂಟು ಗಂಟೆಯಂತೆ ಆರೂವರೆ ದಿನ ನಡೆಸಿದ. ಕೂಡಿಸಿದರೆ ಸರಿಯಾಗಿ ನಲವತ್ತೆಂಟು. ಪ್ರಬಂಧದಲ್ಲಿ 'ನಲವತ್ತೆಂಟು ಗಂಟೆ ನಿರ್ವಾತದಲ್ಲಿ ಒಣಗಿಸಲಾಯಿತು' ಎಂದು ಬರೆಯುವಾಗ ಅವನು ಹಿಂಜರಿಯಲಿಲ್ಲ, ಯಾಕೆಂದರೆ ಅದರಲ್ಲಿ ಸುಳ್ಳೆಂಬುದಿರಲಿಲ್ಲ. ರಾತ್ರಿಗಳ ಬಗ್ಗೆ ಮಾತ್ರ ಏನೂ ಬರೆದಿರಲಿಲ್ಲ. ಹಳೆಯ ರಬ್ಬರಿನ ಸಂದಿನಿಂದ ಆಷಾಢದ ಹಸಿ ಗಾಳಿ ರಾತ್ರಿಯಿಡೀ ಒಳಗೆ ಹೋಗುತ್ತಿತ್ತು. ಹಗಲು ಕಳೆದುಕೊಂಡದ್ದನ್ನು ಆ ದ್ರವ ರಾತ್ರಿ ಮರಳಿ ಕುಡಿಯುತ್ತಿತ್ತು.

ಲ್ಯಾಬಿನ ಬಾಗಿಲು ಆಗಲೇ ತೆರೆದಿತ್ತು. ನುಸ್ರತ್ ಕಂಪ್ಯೂಟರಿನ ಮುಂದಿನಿಂದ ಎದ್ದು ನಿಂತಳು. ಫರಂಗಿಪೇಟೆಯಿಂದ ಬಿ.ಸಿ. ರೋಡಿಗೆ, ಅಲ್ಲಿಂದ ಬಂಟ್ವಾಳದ ಮೇಲೆ ಮೂಡುಬಿದಿರೆಗೆ, ಎರಡು ಬಸ್ಸು ಹಿಡಿದು ಬರುವವಳು ಅವನಿಗಿಂತ ಮೊದಲೇ ಬಂದಿರುತ್ತಿದ್ದಳು.

"ಸರ್, ಸಭೆಗೆ ಮೊದಲು ಒಂದು ತೋರಿಸಲಿಕ್ಕೆ ಉಂಟು."

"ತೋರಿಸಿ." ಅವನು ಎಲ್ಲ ವಿದ್ಯಾರ್ಥಿಗಳನ್ನೂ ಬಹುವಚನದಲ್ಲಿ ಮಾತನಾಡಿಸುತ್ತಿದ್ದ, ಆ ಬಗ್ಗೆ ಅವನಿಗೆ ಹೆಮ್ಮೆಯಿತ್ತು.

ಪರದೆಯ ಮೇಲೆ ಅವಳ ಗೆರೆಯಿತ್ತು. ಎಡತುದಿಯಲ್ಲಿ ಒಣ ದ್ರವ, ಬಲತುದಿಯಲ್ಲಿ ಬರೀ ನೀರು, ನಡುವೆ ನೀರು ಹೆಚ್ಚಿದಂತೆ ಇಳಿಯುತ್ತ ಹೋಗುವ ಸಾಂದ್ರತೆ, ಇಪ್ಪತ್ತೊಂದು ಬಿಂದುಗಳು. ಆ ಗೆರೆಯ ಮೇಲೆ, ಎಡತುದಿಯಿಂದ ಸ್ವಲ್ಪ ಒಳಗೆ, ಕೆಂಪು ಬಣ್ಣದ ಒಂದು ಬಿಂದು ಕೂತಿತ್ತು.

"ಇದು ನಿಮ್ಮ ಒಣ ದ್ರವದ ಬೆಲೆ ಸರ್. ಒಂದು ಪಾಯಿಂಟ್ ಒಂದು ಒಂಬತ್ತು ಐದು ಏಳು. ಒಣ ದ್ರವ ಅಂತ ತಗೊಂಡ್ರೆ ನನ್ನದಕ್ಕೆ ಹೊಂದುವುದಿಲ್ಲ. ನೀರು ಉಂಟು ಅಂತ ತಗೊಂಡ್ರೆ ನನ್ನ ಗೆರೆಯ ಮೇಲೆಯೇ ಬರ್ತದೆ."

"ಎಷ್ಟು ನೀರು?"

"ತೂಕದಲ್ಲಿ ನೂರಕ್ಕೆ ಎರಡು." ಅವಳು ಕೆಂಪು ಬಿಂದುವಿನ ಮೇಲೆ ಬೆರಳಿಟ್ಟಳು. "ಎಣಿಕೆಯಲ್ಲಿ ಐದಕ್ಕೆ ಒಂದು ಸರ್."

ಅವನು ಪರದೆಯನ್ನೇ ನೋಡುತ್ತಿದ್ದ. ನೀರಿನ ಅಣು ಹಗುರ, ಅಯಾನುಗಳು ಭಾರ, ಆದ್ದರಿಂದ ತಕ್ಕಡಿಗೆ ನೂರರಲ್ಲಿ ಎರಡಾಗಿ ಕಾಣುವ ನೀರು ಎಣಿಸಿದರೆ ಐದರಲ್ಲಿ ಒಂದು. ಇದನ್ನು ಅವಳಿಗೆ ಕಲಿಸಿದವನು ಅವನೇ. ಅವನು 'ಶುದ್ಧ' ಎಂದು ಬರೆದ ಬಾಟಲಿಯಲ್ಲಿ ಪ್ರತಿ ಐದನೆಯದು ಬೇರೆ.

"ಓವನ್ನಿನ ಲಾಗ್‌ಬುಕ್ ಕೂಡ ನೋಡಿದೆ ಸರ್," ಎಂದಳು ನುಸ್ರತ್, ತಪ್ಪು ಮಾಡಿದವಳ ಧ್ವನಿಯಲ್ಲಿ. ಮೇಜಿನ ಮೇಲೆ ಹಸಿರು ರಟ್ಟಿನ ಹಳೆಯ ಪುಸ್ತಕ ಮುಚ್ಚಿಯೇ ಇತ್ತು. ಅದನ್ನು ಬಿಡಿಸುವ ಅಗತ್ಯ ಅವನಿಗಿರಲಿಲ್ಲ. ಆನ್ ಎಂಟು ಐವತ್ತು, ಆಫ್ ನಾಲ್ಕು ಹದಿನೈದು. ಪ್ರತಿ ಸಾಲಿನ ಮುಂದೆ ಅವನ ಸಣ್ಣ, ಓರೆಯಿಲ್ಲದ ಸಹಿ. ಒಂದು ದಿನವೂ ಬರೆಯದೆ ಬಿಟ್ಟವನಲ್ಲ. ಬೇರೆಯವರ ಹಾಗೆ ವಾರಕ್ಕೊಮ್ಮೆ ಅಂದಾಜಿನಲ್ಲಿ ತುಂಬಿದ್ದರೆ ಇವತ್ತು ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ.

"ನಾನು ಎರಡು ಸ್ಲೈಡ್ ಮಾಡಿದ್ದೇನೆ ಸರ್. ಈ ಕೆಂಪು ಬಿಂದು ಇರುವುದು ಒಂದು, ಇಲ್ಲದ್ದು ಒಂದು. ಯಾವುದು ಹಾಕಬೇಕು ಅಂತ ನೀವು ಹೇಳಿದ ಹಾಗೆ."

ಅವಳ ಮುಖದಲ್ಲಿ ಬೆದರಿಕೆ ಇರಲಿಲ್ಲ, ಬೇಡಿಕೆಯೂ ಇರಲಿಲ್ಲ. ಬೆದರಿಕೆ ಇದ್ದಿದ್ದರೆ ಅವನಿಗೆ ಕೋಪ ಬರುತ್ತಿತ್ತು, ಅದು ಸುಲಭವಾಗುತ್ತಿತ್ತು. ಇದ್ದದ್ದು ಬರೀ ವಿನಯ. "ನೋಡುವ," ಎಂದ. ಹಾಗೆಂದ ತನ್ನ ಧ್ವನಿಯ ಮೃದುತನಕ್ಕೆ ಅವನಿಗೇ ಹೇಸಿಗೆಯಾಯಿತು.

ಹೊರಗೆ ಕಾರಿಡಾರಿನಲ್ಲಿ ಲ್ಯಾಬಿನ ಅಟೆಂಡರ್ ನೋಣಯ್ಯ ಕುರ್ಚಿಗಳನ್ನು ಸಭೆಯ ಕೋಣೆಗೆ ಸಾಗಿಸುತ್ತಿದ್ದ. ಅವನನ್ನು ಕಂಡು ಕುರ್ಚಿ ಇಳಿಸಿದ. "ಪುಸ್ತಕ ನಾನೇ ಹುಡುಕಿ ಕೊಟ್ಟದ್ದು ಸಾರ್. ಕೇಳಿದ್ಲು, ಕೊಟ್ಟೆ. ಕೊಡ್ಬಾರ್ದಿತ್ತಾ?"

"ಕೊಟ್ಟದ್ದು ಒಳ್ಳೇದಾಯ್ತು."

"ಆ ಸಮಯದಲ್ಲಿ ನಮಗೆ ಗಡಿಯಾರವೇ ಬೇಡವಾಗಿತ್ತು ಸಾರ್. ವಿಮಲ್ ಸಾರ್ ಮೆಟ್ಟಿಲು ಇಳಿದ್ರು ಅಂದ್ರೆ ನಾಲ್ಕೂಕಾಲು, ಬೀಗ ಹಾಕುದೇ." ನೋಣಯ್ಯ ನಕ್ಕ. "ಈ ಹುಡುಗಿದು ಹಾಗಲ್ಲ. ಓವನ್ ಬಿಟ್ಟು ಅಲ್ಲಾಡ್ಲಿಲ್ಲ ಮಾರಾಯ್ರೆ. ಎರಡು ರಾತ್ರಿ ಆ ಸ್ಟೂಲಿನ ಮೇಲೆ. ಪ್ರಿನ್ಸಿಪಾಲರ ಹತ್ರ ಚೀಟಿ ತಂದಿದ್ಲು, ಅವಳ ಉಮ್ಮ ಕೂಡ ಬಂದು ಜೊತೆಗೆ ಕೂತ್ರು. ತಸ್ಬಿ ಮಣಿ ಎಣಿಸ್ತಾ ಉಮ್ಮ, ಮೀಟರ್ ನೋಡ್ತಾ ಮಗಳು."

ಇದು ಅವನಿಗೆ ಗೊತ್ತಿರಲಿಲ್ಲ. ಅವಳ ತಾಯಿ ತನ್ನ ಲ್ಯಾಬಿನಲ್ಲಿ ಎರಡು ರಾತ್ರಿ ಕುಳಿತಿದ್ದಳೆಂಬುದು ಯಾಕೋ ಅವನಿಗೆ ಅವಮಾನವೆನಿಸಿತು. ಬೇಸಿನ್ನಿಗೆ ಹೋಗಿ ಕೈ ತೊಳೆದ. ಬೇಸಿನ್ನಿನ ತೂತಿನ ಸುತ್ತ ಯಾರದೋ ಕೂದಲು, ಟೀ ಸೊಪ್ಪು, ಬೆಳ್ಳಗಿನ ಲೋಳೆ. ನೀರು ಇಳಿಯದೆ ನಿಂತು ಅವನ ಕೈಯ ನೊರೆಯನ್ನು ಅವನ ಕಡೆಗೇ ತಳ್ಳಿತು. ಮೂರು ವರ್ಷದ ಹಿಂದೆಯೂ ಇದೇ ಬೇಸಿನ್ನಿನ ಮುಂದೆ ನಿಂತಿದ್ದ. ಲ್ಯಾಬಿನಲ್ಲಿ ಒಂದು ವಾರದಿಂದ ಮೀನಿನ ವಾಸನೆ. ಮಧ್ಯಾಹ್ನ ಹೆಚ್ಚು. ನುಸ್ರತ್ ಬಂದು ಸೇರಿ ಆಗ ಎಂಟು ತಿಂಗಳಾಗಿತ್ತು, ಮೂಲೆಯ ಮೇಜಿನಲ್ಲಿ ಬುತ್ತಿ ಬಿಚ್ಚುತ್ತಿದ್ದಳು. ಅವನು ಅವಳಿಗೆ ಏನೂ ಹೇಳಲಿಲ್ಲ, ಅಂಥ ಮಾತು ನೇರವಾಗಿ ಹೇಳುವವನಲ್ಲ. ನೋಣಯ್ಯನನ್ನು ಕರೆದು, "ಲ್ಯಾಬಿನಲ್ಲಿ ಮೀನು ತಿನ್ನಬಾರದು ಅಂತ ಆ ಹುಡುಗಿಗೆ ಸ್ವಲ್ಪ ಹೇಳು, ಬೇಸರ ಆಗದ ಹಾಗೆ ಹೇಳು," ಎಂದ. ಮರುದಿನದಿಂದ ಅವಳು ತಾರಸಿಗೆ ಹೋಗುವ ಮೆಟ್ಟಿಲಿನಲ್ಲಿ ಕುಳಿತು ಉಣ್ಣತೊಡಗಿದಳು. ವಾಸನೆ ಮಾತ್ರ ಹಾಗೆಯೇ ಇತ್ತು. ಮೂರನೆಯ ದಿನ ನಿಂತಿತು. ಅಂದೇ ಕಸದ ಡಬ್ಬಿಯಲ್ಲಿ, ಎಲ್ಲದರ ಮೇಲೆ, ಮೀಥೈಲ್ ಇಮಿಡಜೋಲ್ ಬಾಟಲಿಯ ಮುಚ್ಚಳ ಸೀಳಿಹೋಗಿ ಬಿದ್ದಿರುವುದು ಕಂಡಿತು. ಬಾಟಲಿಗೆ ಹೊಸ ಮುಚ್ಚಳ ಬಂದಿತ್ತು. ನೋಣಯ್ಯ ಬದಲಾಯಿಸಿರಬೇಕೆಂದುಕೊಂಡ. ಅವಳನ್ನು ಕರೆದು ಹೇಳಬೇಕೆಂದು ಅಂದು ಅನಿಸಿತು, ಮರುದಿನವೂ ಅನಿಸಿತು. ಒಂದು ವಾರ ಕಳೆದ ಮೇಲೆ ಹೇಳಲು ಹೊರಟರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬುದನ್ನೂ ಹೇಳಬೇಕಾಗುತ್ತಿತ್ತು. ಮೂರು ವರ್ಷದಿಂದ ಅವಳು ಮೆಟ್ಟಿಲಿನಲ್ಲೇ ಉಣ್ಣುತ್ತಿದ್ದಳು.

ಸಭೆಯಲ್ಲಿ ನಾಲ್ಕೇ ಜನ. ಮೈಸೂರಿನ ಪರೀಕ್ಷಕರು ಬಿಳಿ ಗಡ್ಡದ, ನಿಧಾನದ ಮನುಷ್ಯ. ಸಂಕೋಚಪಡುತ್ತಲೇ ಮಾತು ತೆಗೆದರು. "ನಾನು ತೊಂದ್ರೆ ಕೊಡೋಕೆ ಬಂದಿಲ್ಲ. ಹುಡುಗಿ ಕೆಲಸ ತುಂಬಾ ಅಚ್ಚುಕಟ್ಟಾಗಿದೆ. ಆದ್ರೆ ಗುರುಗಳದ್ದೇ ಬೆಲೆಗೆ ಹೊಂದ್ತಾ ಇಲ್ಲ ಅಂದ್ರೆ ನಾನು ಕೇಳ್ಲೇಬೇಕಾಗುತ್ತಲ್ಲ."

"ಮೂರನೇ ದಶಮಾಂಶಕ್ಕೆ ಇಷ್ಟು ದೂರ ಬಂದದ್ದಾ ಮಾರಾಯ್ರೆ ನೀವು?" ಎಂದು ಸುಧಾಕರ ನಕ್ಕ. "ಇರ್ಲಿ, ಬಂದದ್ದಕ್ಕೆ ಊಟ ಒಳ್ಳೇದು ಉಂಟು. ಕೋರಿ ರೊಟ್ಟಿ ಹೇಳಿದ್ದೇನೆ. ನಮ್ಮ ವಿಮಲ್ ಸರ್‌ಗೆ ಬೇರೆ."

ಪರೀಕ್ಷಕರು ನುಸ್ರತ್‌ಳ ಕಡೆ ತಿರುಗಿದರು. ಹೇಗೆ ಒಣಗಿಸಿದಿರಿ ಎಂದು ಕೇಳಿದರು. ಎಡೆಬಿಡದೆ ನಲವತ್ತೆಂಟು ಗಂಟೆ ಎಂದಳು. ಆಮೇಲೆ ನೀರಿನ ಅಂಶ ಅಳೆದಿರಾ ಎಂದರು. ಅಳೆದಿದ್ದೇನೆ, ಲಕ್ಷದಲ್ಲಿ ಒಂಬತ್ತು ಭಾಗ ಎಂದಳು. ಪರೀಕ್ಷಕರು ತಲೆದೂಗಿ ಅವನ ಕಡೆ ನೋಡಿದರು.

"ಸರ್ ಮಾಡುವಾಗ ನೀರು ಅಳೆಯುವ ಮೆಷಿನ್ ಇರ್ಲಿಲ್ಲ," ಎಂದು ಸುಧಾಕರ ತಾನೇ ಉತ್ತರಿಸಿದ. "ಆದ್ರೆ ಒಣಗಿಸಿದ್ದು ಅದೇ ನಲವತ್ತೆಂಟು ಗಂಟೆ. ಅಲ್ವಾ ಸರ್?"

"ಹೌದು," ಎಂದ ವಿಮಲಕುಮಾರ.

ಪದ ಬಾಯಿಯಿಂದ ಹೊರಟ ರೀತಿಗೆ ಅವನಿಗೆ ಆಶ್ಚರ್ಯವಾಯಿತು. ಅದು ಸಿದ್ಧವಾಗಿಯೇ ಇತ್ತು, ಹನ್ನೊಂದು ವರ್ಷದಿಂದ ನಾಲಗೆಯ ಅಡಿಯಲ್ಲಿ. ಎದುರಿಗೆ ನುಸ್ರತ್‌ಳ ಬೆರಳು ಲ್ಯಾಪ್‌ಟಾಪಿನ ಮೇಲಿತ್ತು. ಅವಳು ಒಂದು ಗುಂಡಿ ಒತ್ತಿದಳು, ಪರದೆಯ ಮೇಲೆ ಗೆರೆ ಬಂತು. ಕೆಂಪು ಬಿಂದು ಇಲ್ಲದ್ದು.

ಸುಧಾಕರನಿಗೆ ಇಂಥದ್ದನ್ನು ಸಲೀಸಾಗಿ ಮುಗಿಸುವ ಕೈಗುಣವಿತ್ತು. ಮೂರು ಅಧ್ಯಾಯ ಮತ್ತೆ ಮಾಡಿಸುವುದೆಲ್ಲ ಯಾಕೆ, ಒಂದು ಸಾಲು ಸೇರಿಸಿದರಾಯಿತು ಎಂದ: 'ಪ್ರಸ್ತುತ ಮಾದರಿಯಲ್ಲಿ ಅಲ್ಪ ಪ್ರಮಾಣದ ಕಲ್ಮಶವಿದ್ದು, ಅದರಿಂದ ಬೆಲೆಗಳಲ್ಲಿ ವ್ಯತ್ಯಾಸ ಬಂದಿರುವ ಸಾಧ್ಯತೆಯಿದೆ.' ಪರೀಕ್ಷಕರು ಗಡ್ಡ ತುರಿಸಿಕೊಂಡರು. ಅಷ್ಟು ಬರೆದುಕೊಟ್ಟರೆ ನಂದೇನೂ ಅಭ್ಯಂತರವಿಲ್ಲ ಎಂದರು. "ಬರಿಯಮ್ಮ," ಎಂದ ಸುಧಾಕರ, ಕಾಗದ ಮುಂದೆ ತಳ್ಳಿ. ನುಸ್ರತ್ ಪೆನ್ನಿನ ಮುಚ್ಚಳ ತೆಗೆದಳು. ಯಾರ ಮುಖವನ್ನೂ ನೋಡಲಿಲ್ಲ. ಅವಳ ಅಕ್ಷರ ದುಂಡಗಿತ್ತು, ಶಾಲೆಯ ಮಕ್ಕಳದ್ದರ ಹಾಗೆ ಬಿಡಿಸಿ ಬಿಡಿಸಿ ಬರೆಯುತ್ತಿದ್ದಳು. ಪ್ರಸ್ತುತ ಮಾದರಿಯಲ್ಲಿ. ಅಲ್ಪ ಪ್ರಮಾಣದ. ವಿಮಲಕುಮಾರ ತಲೆಕೆಳಗಾಗಿ ಓದುತ್ತಿದ್ದ. ಕ ಬರೆದು, ಲ ಬರೆದು, ಅದರ ಕೆಳಗೆ ಒತ್ತಕ್ಷರ ಕೊಡುವಾಗ ಪೆನ್ನು ಶಾಯಿ ಬಿಡಲಿಲ್ಲ, ಅವಳು ಅಂಗೈಯ ಮೇಲೆ ಗೀಚಿ ನೋಡಿ ಮತ್ತೆ ಕಾಗದಕ್ಕೆ ತಂದಳು. ಅಂಗೈಯಲ್ಲಿ ಸಣ್ಣ ನೀಲಿ ಗೆರೆ. ಅವನಿಗೆ ಕೋಲಿನ ತುದಿಯಲ್ಲಿ ತೂಗುತ್ತಿದ್ದ ಅಂಗಿ ನೆನಪಾಯಿತು, ಅದರ ತೋಳುಗಳು ಕೆಳಗೆ ಜೋತುಬಿದ್ದಿದ್ದವು.

"ಬರೀಬೇಡಿ," ಎಂದ.

ಎಲ್ಲರೂ ನೋಡಿದರು.

"ಕಲ್ಮಶ ಇದ್ದದ್ದು ನನ್ನದರಲ್ಲಿ. ನಲವತ್ತೆಂಟು ಗಂಟೆ ಒಟ್ಟಿಗೆ ಅಲ್ಲ, ಏಳೆಂಟು ಗಂಟೆಯ ಹಾಗೆ ಬಿಡಿಬಿಡಿಯಾಗಿ. ರಾತ್ರಿ ಓವನ್ ಆಫ್ ಇರ್ತಿತ್ತು. ತೂಕದಲ್ಲಿ ಶೇಕಡಾ ಎರಡು ನೀರು ಉಂಟು. ನುಸ್ರತ್, ಇನ್ನೊಂದು ಸ್ಲೈಡ್ ಹಾಕಿ."

ಕೆಂಪು ಬಿಂದು ಗೆರೆಯ ಮೇಲೆ ಬಂದು ಕೂತಿತು. ಪರೀಕ್ಷಕರು ಕನ್ನಡಕ ಹಣೆಗೆ ಏರಿಸಿ ಹತ್ತಿರ ಹೋಗಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ತಿರುಗಿ ಬಂದು ಅವನ ಎರಡೂ ಕೈ ಹಿಡಿದುಕೊಂಡರು. "ಎಷ್ಟು ಜನ ಹೀಗೆ ಒಪ್ಕೋತಾರೆ ಸಾರ್. ನನ್ನ ಮೂವತ್ತು ವರ್ಷದಲ್ಲಿ ನೋಡಿಲ್ಲ. ದೊಡ್ಡತನ ಇದು." ಸುಧಾಕರ ಅವನ ಹೆಗಲು ತಟ್ಟಿ, "ನಮ್ಮ ವಿಮಲ್ ಸರ್ ಅಂದ್ರೆ ಹಾಗೇ," ಎಂದ. ಹಳೆಯ ಪ್ರಬಂಧದ ತಿದ್ದುಪಡಿಯನ್ನು ಪತ್ರಿಕೆಗೆ ಕಳಿಸುತ್ತೇನೆಂದು ಅವನು ಹೇಳಿದಾಗ, ಅದೆಲ್ಲ ನಿಧಾನಕ್ಕೆ ಆಗಲಿ, ಈಗ ಊಟಕ್ಕೆ ಹೋಗುವ ಎಂದರು. ನಡಾವಳಿಯಲ್ಲಿ 'ಮಾರ್ಗದರ್ಶಕರು ಸೂಕ್ತ ಸ್ಪಷ್ಟನೆ ನೀಡಿದರು, ಪ್ರಬಂಧವನ್ನು ಅಂಗೀಕರಿಸಲಾಯಿತು' ಎಂದು ಸುಧಾಕರ ಬರೆದ. ಪರೀಕ್ಷಕರ ಬೆಚ್ಚನೆಯ, ಸ್ವಲ್ಪ ಬೆವರಿದ ಅಂಗೈಗಳ ನಡುವೆ ತನ್ನ ಕೈಗಳು ಇರುವಾಗ ವಿಮಲಕುಮಾರನಿಗೆ ಒಂದು ಹಿತವಾಗಿತ್ತು, ಅದು ಎದೆಯಿಂದ ಮುಖಕ್ಕೆ ಹರಿದು ಬಂದದ್ದು ಅವನಿಗೆ ಸ್ಪಷ್ಟವಾಗಿ ತಿಳಿದಿತ್ತು, ಬಾಯಿ ತೆರೆಯುವ ಮೊದಲೇ ಈ ಹಿತಕ್ಕಾಗಿ ತಾನು ಕಾದಿದ್ದೆನೇನೋ ಎಂಬ ಸಂಶಯವೂ ಬಂತು. 'ಹೌದು' ಎಂದದ್ದನ್ನು ಆಗಲೇ ಎಲ್ಲರೂ ಮರೆತಿದ್ದರು. ನುಸ್ರತ್ ಅರ್ಧ ಬರೆದ ಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, "ಥ್ಯಾಂಕ್ಯೂ ಸರ್," ಎಂದಳು, ಮೂವರಿಗೂ ಸೇರಿಸಿ.

ಊಟದ ಕೋಣೆಯಲ್ಲಿ ಅವನಿಗೆಂದು ಬೇರೆ ಮೇಜಿನ ಮೇಲೆ ಬಾಳೆಎಲೆಯ ಚೂರು ಮುಚ್ಚಿದ ತಟ್ಟೆಯಿತ್ತು. ಸುಧಾಕರ ಕೋಳಿಯ ಸಾರಿನಲ್ಲಿ ರೊಟ್ಟಿ ಮುರಿದು ಹಾಕುತ್ತ ಪರೀಕ್ಷಕರಿಗೆ ತಿನ್ನುವ ಕ್ರಮ ಕಲಿಸುತ್ತಿದ್ದ. ಪರೀಕ್ಷಕರ ಗಡ್ಡಕ್ಕೆ ಕೆಂಪು ಎಣ್ಣೆ ತಾಗಿತ್ತು. ವಿಮಲಕುಮಾರ ಕೈ ತೊಳೆಯುವ ನೆಪದಲ್ಲಿ ಹೊರಗೆ ಬಂದು ತಾರಸಿಯ ಮೆಟ್ಟಿಲು ಹತ್ತಿದ. ಈ ಕಟ್ಟಡದಲ್ಲಿ ಇಪ್ಪತ್ತಾರು ವರ್ಷ ಇದ್ದೂ ಆ ಮೆಟ್ಟಿಲು ಹತ್ತಿದ್ದು ಎರಡೋ ಮೂರೋ ಸಲ. ತಿರುವಿನಲ್ಲಿ ಮುರಿದ ಸ್ಟೂಲುಗಳು, ಹಳೆಯ ಉತ್ತರಪತ್ರಿಕೆಗಳ ಕಟ್ಟು, ಪಾರಿವಾಳದ ಹಿಕ್ಕೆ. ಅದರ ಮೇಲಿನ ಮೆಟ್ಟಿಲನ್ನು ಗುಡಿಸಿ, ಒಂದು ದಿನಪತ್ರಿಕೆ ಹಾಸಿ ನುಸ್ರತ್ ಕುಳಿತಿದ್ದಳು. ಡಬ್ಬಿ ತೆರೆದಿತ್ತು. ಅವನನ್ನು ಕಂಡು ಎದ್ದಳು.

"ಕೂತ್ಕೊಳ್ಳಿ. ಒಂದು ಹೇಳಬೇಕಿತ್ತು." ಮೇಲಿನ ಮೆಟ್ಟಿಲಿನಲ್ಲಿ ಅವಳು, ಕೆಳಗಿನದರಲ್ಲಿ ಅವನು. ಪಾಠದ ಧ್ವನಿ ಬರಬಾರದೆಂದು ಎಚ್ಚರವಹಿಸಿದ. "ಮೂರು ವರ್ಷದ ಹಿಂದೆ ನೋಣಯ್ಯನ ಹತ್ತಿರ ನಾನು ಒಂದು ಹೇಳಿ ಕಳಿಸಿದ್ದೆ. ಮೀನಿನ ವಿಷಯ. ಅದು ಮೀನಲ್ಲ. ಇಮಿಡಜೋಲ್ ಬಾಟಲಿಯ ಮುಚ್ಚಳ ಸೀಳಿತ್ತು."

"ಗೊತ್ತುಂಟು ಸರ್."

"ಯಾವಾಗಿಂದ?"

"ಆಗಲೇ. ಮುಚ್ಚಳ ಬದಲಾಯಿಸಿದ್ದು ನಾನೇ."

ಕೆಳಗಿನಿಂದ ಸುಧಾಕರನ ನಗು ಕೇಳಿಸಿತು. ವಿಮಲಕುಮಾರ ಗ್ರಿಲ್ಲಿನ ಕಂಬಿ ಹಿಡಿದುಕೊಂಡ. ಹಳೆಯ ಮುಚ್ಚಳವನ್ನು ಕಸದ ಡಬ್ಬಿಯಲ್ಲಿ ಎಲ್ಲದರ ಮೇಲೆ, ಯಾರಾದರೂ ನೋಡಲಿ ಎಂಬ ಹಾಗೆ ಇಟ್ಟವಳು ಇವಳು. ಯಾರಾದರೂ ಅಲ್ಲ, ತಾನು ನೋಡಲಿ ಎಂದು. ತಾನು ನೋಡಿದ್ದೂ ಇವಳಿಗೆ ಗೊತ್ತಿರಬೇಕು. "ಯಾಕೆ ಹೇಳಲಿಲ್ಲ ನೀವು?"

"ನೀವು ನನ್ನನ್ನು ಕೇಳಲಿಲ್ಲ ಸರ್. ನೋಣಯ್ಯನವರ ಹತ್ತಿರ ಹೇಳಿ ಕಳಿಸಿದ್ರಿ. ನಾನೂ ಅವರ ಹತ್ತಿರವೇ ಹೇಳಿ ಕಳಿಸಬೇಕಿತ್ತಾ?" ಧ್ವನಿಯಲ್ಲಿ ಕೊಂಕು ಇತ್ತೋ ಇಲ್ಲವೋ, ಅವಳ ಕನ್ನಡ ಯಾವಾಗಲೂ ಪುಸ್ತಕದ್ದು, ತಿಳಿಯುವುದಿಲ್ಲ. "ಆ ವಾರ ನಮ್ಮಲ್ಲಿ ಬಸಳೆ ಪದಾರ್ಥ. ಮಳೆಗಾಲ, ದೋಣಿ ಹೋಗುವುದಿಲ್ಲ, ಮೀನು ಎಲ್ಲಿಂದ ಸರ್? ಇವತ್ತು ಮಾತ್ರ ಉಂಟು."

ಅವನ ಮೂಗಿಗೆ ಅದು ಆಗಲೇ ಬಂದಿತ್ತು. ತೆಂಗಿನಕಾಯಿ, ಹುಳಿ, ಹುರಿದ ಮೆಣಸು, ಅವುಗಳ ನಡುವೆ ಮೀನು. ಅವನು ಉಸಿರು ಬಿಗಿಹಿಡಿಯಲಿಲ್ಲ. ಬೇಕೆಂದೇ ಎಳೆದುಕೊಂಡ. ಹೊಟ್ಟೆಯೊಳಗಿನ ಹಳೆಯ ಅಸಹ್ಯ ತಾನೇ ತಾನಾಗಿ ಎದ್ದಿತು, ಅದು ತಾಯಿಯ ಕಾಲದ್ದು, ಅದನ್ನು ತಡೆಯಲು ಅವನು ಪ್ರಯತ್ನಿಸಲಿಲ್ಲ. ಆದರೆ ಇದಕ್ಕೂ ಆ ಬಾಟಲಿಯ ವಾಸನೆಗೂ ಹೋಲಿಕೆಯೇ ಇರಲಿಲ್ಲ. ಆ ಬಾಟಲಿಯದ್ದು ಒಣ, ಚೂಪು, ಮೂಗಿನ ಮೇಲ್ಭಾಗಕ್ಕೆ ಏರಿ ಅಲ್ಲೇ ಕೂರುವಂಥದ್ದು. ಯಾವ ಅಡುಗೆಮನೆಯಲ್ಲೂ ಅಂಥದ್ದು ಹುಟ್ಟುವುದಿಲ್ಲ. ಯಶೋಧಾಳಿಗೆ ಗೊತ್ತಾಗದಿರಬಹುದು, ನೋಣಯ್ಯನಿಗೆ ಗೊತ್ತಾಗದಿರಬಹುದು. ಆ ವಸ್ತುವಿನ ಜೊತೆ ಅಷ್ಟು ವರ್ಷ ಕೆಲಸ ಮಾಡಿ, ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಕೈ ಮೂಸಿ ನೋಡುವವನಿಗೆ, ಮುಚ್ಚಳ ಸೀಳಿದ ಮೊದಲ ದಿನ ಲ್ಯಾಬಿನ ಬಾಗಿಲು ತೆರೆದಾಗ, ಅದು ಏನೆಂದು ಗೊತ್ತಾಗಿತ್ತು. ಗೊತ್ತಾದ ಮೇಲೆಯೇ ಅವನು ಮೂಲೆಯ ಮೇಜಿನ ಕಡೆ ನೋಡಿದ್ದು.

ಇದನ್ನು ಹೇಳಬೇಕೆಂದು ಬಾಯಿ ತೆರೆದ. ಹೇಳಿದರೆ ಇವಳೂ ದೊಡ್ಡತನ ಎಂದುಬಿಟ್ಟಾಳು ಎಂದು ಭಯವಾಯಿತು. ಆಮೇಲೆ ಇವಳು ಹಾಗೆ ಅನ್ನುವವಳಲ್ಲ ಎಂದು ಹೊಳೆದು ಇನ್ನೂ ಹೆಚ್ಚು ಭಯವಾಯಿತು. ಬಾಯಿ ಒಣಗಿತ್ತು. ಅವನ ಸ್ಟೀಲಿನ ನೀರಿನ ಬಾಟಲಿ ಕೆಳಗೆ ಲ್ಯಾಬಿನಲ್ಲಿತ್ತು. ಅವಳ ಪಕ್ಕದಲ್ಲಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಅರ್ಧ ನೀರು ಇತ್ತು. ಅವನು ಅದನ್ನು ನೋಡಿದ್ದನ್ನು ಅವಳು ನೋಡಿದಳು. ಕೊಡಲೇ ಎಂದು ಅವಳು ಕೇಳಲಿಲ್ಲ, ಕೊಡಿ ಎಂದು ಅವನು ಅನ್ನಲಿಲ್ಲ.

"ಊಟ ಮಾಡಿ," ಎಂದ ಕೊನೆಗೆ. "ನಾಳೆಯಿಂದ ಕೆಳಗೇ ಕೂತ್ಕೊಳ್ಳಬಹುದು."

"ಇಲ್ಲಿ ಗಾಳಿ ಉಂಟು ಸರ್. ಅಭ್ಯಾಸ ಆಗಿದೆ."

ಹಾಗೆನ್ನುತ್ತಲೇ ಅವಳು ಎಡಗೈಯಿಂದ ಡಬ್ಬಿಯ ಮುಚ್ಚಳವನ್ನು ಎತ್ತಿ ನಿಧಾನವಾಗಿ ಒತ್ತಿ ಹಾಕಿದಳು, ಅವನಿಗೆ ವಾಸನೆ ತೊಂದರೆ ಕೊಡದಿರಲಿ ಎಂದು, ಮನೆಗೆ ಬಂದ ಹಿರಿಯರ ಮುಂದೆ ಯಾರಾದರೂ ಮಾಡುವಷ್ಟು ಸಹಜವಾಗಿ. ಬಲಗೈ ಎಂಜಲು, ಅದನ್ನು ಮಡಿಲಿನಿಂದ ದೂರ ಗಾಳಿಯಲ್ಲಿ ಹಿಡಿದುಕೊಂಡಿದ್ದಳು. ಬೆರಳುಗಳಲ್ಲಿ ಅನ್ನ ಒಣಗುತ್ತಿತ್ತು. ಅವನು ಹೋಗಲೆಂದು ಕಾಯುತ್ತಿದ್ದಳು. ಅವನು ಇಳಿದ. ತಿರುವು ದಾಟಿ, ಉತ್ತರಪತ್ರಿಕೆಗಳ ಕಟ್ಟು ದಾಟಿ ಕೆಳಗಿನ ಸಾಲಿಗೆ ಬಂದಾಗಲೂ ಮೇಲೆ ಏನೂ ಸದ್ದಿರಲಿಲ್ಲ. ಕಾರಿಡಾರಿಗೆ ಕಾಲಿಟ್ಟು, ಇನ್ನು ಹತ್ತು ಹೆಜ್ಜೆ ನಡೆದ ಮೇಲೆ, ಮುಚ್ಚಳ ತೆರೆದ ಸದ್ದು ಕೇಳಿಸಿತು.